ಅವರ ಗಾಡಿ ಬೆಂಗಳೂರಿಗೆ, ನನ್ನದು ಮೈಸೂರಿಗೆ

ಬೆಳಿಗ್ಗೆ ಮಂಡ್ಯ ಸ್ಟೇಷನ್ ಹತ್ತಿರ ಸ್ಕೂಟರ್ ನಿಲ್ಲಿಸುವ ತನಕ ನಾವು ಗಂಡ ಹೆಂಡತಿ. ಆಮೇಲೆ ಅವರ ಪಾಸು ಬೇರೆ, ನನ್ನ ಪಾಸು ಬೇರೆ. ನಮ್ಮವರು ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಡೆ ಹೋಗುತ್ತಾರೆ. ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹಿಡಿದು ಆಫೀಸು. ನಾನು ಎದುರು ದಿಕ್ಕಿನ ಗಾಡಿಯಲ್ಲಿ ಮೈಸೂರಿಗೆ. ಅಲ್ಲಿ ಒಂದು ಲ್ಯಾಬಿನಲ್ಲಿ ಸಂಜೆ ತನಕ ಕಂಡವರ ರಕ್ತ, ಸಕ್ಕರೆ, ಥೈರಾಯ್ಡ್ ನೋಡುವ ಕೆಲಸ.

ಮದುವೆಯಾಗಿ ಹತ್ತು ತಿಂಗಳು. ಇಬ್ಬರ ಕೆಲಸಕ್ಕೂ ಅನುಕೂಲ ಆಗಲಿ ಅಂತ ನಡುವೆ ಮಂಡ್ಯದಲ್ಲಿ ಬಾಡಿಗೆ ಮನೆ ಮಾಡಿದೆವು. ಮೈಸೂರಿಗೆ ಸುಮಾರು 45 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡರಷ್ಟು. "ನಡುವೆ" ಅನ್ನೋದು ನನ್ನ ಮಾತು. ಅವರು ಅದನ್ನು ಇವತ್ತಿಗೂ ಒಪ್ಪಿಲ್ಲ.

ಸ್ಕೂಟರ್ ಕೀ ಯಾರ ಹತ್ತಿರ ಇರಬೇಕು ಅನ್ನೋದಕ್ಕೆ ಮನೆಯಲ್ಲಿ ಒಂದು ಕಾನೂನಿದೆ. ಸಂಜೆ ಯಾರು ಮೊದಲು ಬರುತ್ತಾರೋ ಅವರ ಹತ್ತಿರ. ಅಂದರೆ ನನ್ನ ಹತ್ತಿರ.

ಸಂಕ್ರಾಂತಿ ಕಳೆದ ಮೇಲಿನ ವಾರದ ಕಥೆ ಇದು. ಆರು ದಿನ ರೈಲು, ಏಳನೇ ದಿನ ಮೇಲುಕೋಟೆ. ರೈಲಿನ ಆರು ದಿನವನ್ನು ಯಾರೂ ಪ್ರವಾಸ ಅಂತ ಕರೆಯುವುದಿಲ್ಲ. ಆದರೆ ತಿರುಗಿದ್ದು ಜಾಸ್ತಿ ಅಲ್ಲೇ ಅಲ್ವಾ?

ಸೋಮವಾರ ಡಬ್ಬಿ ಅದಲುಬದಲಾಯಿತು. ಮನೆಯಲ್ಲಿ ಒಂದೇ ಥರದ ಸ್ಟೀಲ್ ಡಬ್ಬಿಗಳಿವೆ, ಮದುವೆಗೆ ಬಂದ ಉಡುಗೊರೆ. ಒಂದರಲ್ಲಿ ಚಪಾತಿ ಪಲ್ಯ, ಇನ್ನೊಂದರಲ್ಲಿ ಬಸ್ಸಾರಿಗೆ ಅಂತ ರಾತ್ರಿ ನೆನೆಹಾಕಿದ್ದ ಹುರುಳಿಕಾಳು. ಮಧ್ಯಾಹ್ನ ಒಂದೂವರೆಗೆ ಫೋಟೋ ಬಂತು. ಕೆಳಗೆ ಒಂದೇ ಸಾಲು: "ಇದನ್ನ ಕುದುರೆ ತಿನ್ನುತ್ತೆ ಕಣೇ."

ಅದೇ ದಿನ ರಾತ್ರಿ ಸಾಗರದಿಂದ ಅಮ್ಮ ಫೋನ್ ಮಾಡಿದ್ದಳು. ಪಕ್ಕದ ಮನೆಯವರ ಆಲೆಮನೆ ಶುರುವಾಗಿದೆಯಂತೆ. ನಮ್ಮ ಕಡೆ ಆಲೆಮನೆ ಅಂದರೆ ಹಬ್ಬ. ಕೋಣನ ಗಾಣ, ಬೆಳದಿಂಗಳು, ಲೋಟಗಟ್ಟಲೆ ಕಬ್ಬಿನ ಹಾಲು, ಜೊತೆಗೆ ಖಾರದ ಮಂಡಕ್ಕಿ. ಎಷ್ಟು ಕುಡಿದರೂ ಯಾರೂ ದುಡ್ಡು ಕೇಳುವುದಿಲ್ಲ. "ಈ ಸಲ ನೀನಿಲ್ಲ ನೋಡು" ಅಂದಳು. ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ಇವರು ಟಿವಿ ನೋಡುತ್ತಿದ್ದರು. ಕೇಳಿಸಿಕೊಂಡಿಲ್ಲ ಅಂದುಕೊಂಡೆ.

ಮಂಗಳವಾರದ್ದು ಸ್ವಲ್ಪ ದೊಡ್ಡ ಎಡವಟ್ಟು. ಸಂಜೆ ಮೈಸೂರಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದೇ ತಪ್ಪಾಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಸೇತುವೆ ದಾಟಿದ್ದು ಗೊತ್ತು. ಹಳಿ ಪಕ್ಕದ ಟಿಪ್ಪುವಿನ ಶಸ್ತ್ರಾಗಾರವನ್ನು ನಾನು ದಿನಾ ಹುಡುಕುತ್ತೇನೆ. ಜೋಡಿ ಹಳಿ ಹಾಕಲು ಅದು ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಜರುಗಿಸಿದರು. ಒಡೆಯಲಿಲ್ಲ, ಜರುಗಿಸಿದರು. ನಾವು ಬಾಡಿಗೆ ಮನೆಗೆ ಒಂದು ಬೀರು ಸಾಗಿಸುವಾಗ ಅದರ ಕನ್ನಡಿ ಒಡೆದಿದ್ದು ಪ್ರತಿ ಸಲ ನೆನಪಾಗುತ್ತದೆ. ಆವತ್ತು ಅಷ್ಟು ನೆನಪಾಗಿ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಗಾಡಿ ಮಂಡ್ಯ ಬಿಟ್ಟು ಓಡುತ್ತಿತ್ತು.

ಮುಂದಿನ ಸ್ಟಾಪ್ ಮದ್ದೂರು. ನನ್ನ ಪಾಸು ಮಂಡ್ಯದ ತನಕ ಮಾತ್ರ. ಇಳಿದ ಕೂಡಲೇ ಟಿಸಿ ಎದುರಿಗೇ ನಿಂತಿದ್ದರು. ನಿದ್ದೆ ಬಂತು ಸಾರ್ ಅಂದೆ. "ನಿದ್ದೆಗೆ ಪಾಸ್ ಇಲ್ಲಮ್ಮ" ಅಂದರು. ದಂಡ 250 ರೂಪಾಯಿ, ಅದರ ಮೇಲೆ ಟಿಕೆಟ್ ದುಡ್ಡು. ಕಟ್ಟಿದೆ.

ಇವರಿಗೆ ಫೋನ್ ಮಾಡಿದರೆ ಆ ಕಡೆಯಿಂದ ಜೋರು ನಗು. ಅವರು ಚಾಮುಂಡಿಯಲ್ಲಿ ಚನ್ನಪಟ್ಟಣ ದಾಟಿದ್ದರು. "ಅಲ್ಲೇ ಇರು. ಟಿಕೆಟ್ ತಗೊಂಡು ಇದೇ ಗಾಡಿಗೆ ಹತ್ತು, ಒಟ್ಟಿಗೆ ಹೋಗೋಣ" ಅಂದರು. ಸರಿಯಾದ ಯೋಜನೆ. ಟಿಕೆಟ್ಟೂ ತಗೊಂಡೆ. ಆದರೆ ವಡೆ ಬಾಣಲೆಯಲ್ಲಿತ್ತು.

ಮಲೆನಾಡಿನವಳಾದ ನನಗೆ ವಡೆ ಅಂದರೆ ಉದ್ದಿನದು, ನಡುವೆ ತೂತು ಇರಬೇಕು. ಮದ್ದೂರು ವಡೆಗೆ ತೂತಿಲ್ಲ, ಉದ್ದೂ ಇಲ್ಲ. ರವೆ, ಮೈದಾ, ಅಕ್ಕಿ ಹಿಟ್ಟು, ಅದಕ್ಕೆ ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕರಿಬೇವು. ಅಂಗೈಯಗಲ ಚಪ್ಪಟೆ ತಟ್ಟಿ ಎಣ್ಣೆಗೆ ಬಿಡುತ್ತಾರೆ. ಹುಟ್ಟಿದ್ದೇ ಈ ಸ್ಟೇಷನ್ನಿನಲ್ಲಂತೆ, 1917ರಲ್ಲಿ. ರೈಲು ಬೇಗ ಬಂತು, ಪಕೋಡ ಕರಿಯಲು ಪುರುಸೊತ್ತಿಲ್ಲ, ಅದೇ ಹಿಟ್ಟನ್ನು ತಟ್ಟಿ ಕರಿದು ಕೊಟ್ಟರು ಅಂತ ಕಥೆ. ಎಣ್ಣೆಯಿಂದ ತೆಗೆದಾಗ ಅಂಚಿನ ಈರುಳ್ಳಿ ಕಪ್ಪಗಾಗಿ ಹೊರಗೆ ಚಾಚಿಕೊಂಡಿರುತ್ತದೆ. ನನಗೆ ಅದೇ ಬೇಕು, ಆ ಸುಟ್ಟ ಅಂಚು.

ನಾಲ್ಕು ವಡೆ ಪೇಪರಿನಲ್ಲಿ ಕಟ್ಟಿಸಿಕೊಳ್ಳುತ್ತಿದ್ದೆ. ಚಾಮುಂಡಿ ಬಂತು. ಇವರು ಬಾಗಿಲಲ್ಲಿ ನನ್ನನ್ನು ಹುಡುಕಿದರು, ಕಾಣಲಿಲ್ಲ, ಕೆಳಗೆ ಇಳಿದರು. ಗಾಡಿ ಹೊರಟೇಬಿಟ್ಟಿತು. ಪ್ಲಾಟ್‌ಫಾರ್ಮಿನಲ್ಲಿ ಇವರು, ಅವರ ಬ್ಯಾಗು, ಹುರುಳಿಕಾಳಿನ ಡಬ್ಬಿ. ಎರಡು ದಿನದಿಂದ ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾರೆ ಅಂತ ಆಗ ಗೊತ್ತಾಯಿತು. ಮೊಳಕೆ ಚೆನ್ನಾಗಿ ಬಂದಿತ್ತು.

ಬೆಂಚಿನ ಮೇಲೆ ಕೂತು ವಡೆ ತಿಂದು, ಬಸ್ಸಿನಲ್ಲಿ ಮನೆಗೆ ಬಂದೆವು. ವಾರದ ದಿನ ಸಂಜೆ ಇಬ್ಬರೂ ಒಂದೇ ದಿಕ್ಕಿನ ಬಸ್ಸಿನಲ್ಲಿ ಕೂತಿದ್ದು ಅದೇ ಮೊದಲು. ದಂಡ ಸೇರಿಸಿದರೆ ಒಂದೊಂದು ವಡೆ ಎಷ್ಟಕ್ಕೆ ಬಿತ್ತು ಅಂತ ಇವರು ಮಂಡ್ಯ ಬರುವ ತನಕ ಭಾಗಾಕಾರ ಮಾಡಿದರು.

ಬುಧವಾರ ಉಪ್ಪಿಟ್ಟಿನ ನಡುವೆ ಗ್ಯಾಸ್ ಮುಗಿಯಿತು. ಗುರುವಾರ ಸ್ಕೂಟರ್ ಪಂಕ್ಚರ್. ಶುಕ್ರವಾರ ಲ್ಯಾಬಿನಲ್ಲಿ ಮಷೀನ್ ಕೆಟ್ಟು ಲೇಟು. ಶನಿವಾರ ಬಟ್ಟೆ ಒಗೆದಿದ್ದು ಬಿಟ್ಟರೆ ಏನೂ ಇಲ್ಲ.

ಭಾನುವಾರ ಎದ್ದಿದ್ದೇ ಎಂಟಕ್ಕೆ. ಮೇಲುಕೋಟೆಗೆ ಹೋಗೋಣ ಅಂತ ಅತ್ತೆಗೆ ಹೇಳಿಯಾಗಿತ್ತು. "ಬ್ಯಾಗ ವೋಗ್ರವ್ವ, ಬಾಗ್ಲಾಕ್ಬುಡ್ತಾರೆ" ಅಂತ ಊರಿಂದ ಎರಡು ಸಲ ಫೋನ್ ಬಂತು. ಹೊರಟಾಗ ಒಂಬತ್ತೂವರೆ. ಊರು ದಾಟಿದರೆ ಎರಡೂ ಕಡೆ ಕಬ್ಬು. ಕನ್ನಂಬಾಡಿ ಕಟ್ಟೆಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ನೀರು. ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಮುಂದೆ ಏನೂ ಕಾಣಿಸುವುದಿಲ್ಲ, ಬರೀ ಗರಿ.

ಒಂದು ಕಡೆ ಇವರು ಇದ್ದಕ್ಕಿದ್ದಂತೆ ಮಣ್ಣು ದಾರಿಗೆ ತಿರುಗಿಸಿದರು. ಇನ್ನೊಂದು ಪಂಕ್ಚರ್ ಅಂದುಕೊಂಡೆ. ಎದುರಿಗೆ ತಗಡಿನ ಶೆಡ್ಡು, ಹೊಗೆ, ಮೂಗಿಗೆ ಬಡಿದ ಆ ವಾಸನೆ. ಆಲೆಮನೆ!

ಟಿವಿ ನೋಡುತ್ತಾ ಕೇಳಿಸಿಕೊಂಡಿದ್ದರು.

ಇಲ್ಲಿನ ಆಲೆಮನೆ ನಮ್ಮದರ ಹಾಗಲ್ಲ. ಇದು ಕೆಲಸದ ಜಾಗ. ಕೋಣ ಇಲ್ಲ, ಮೋಟಾರಿನ ಗಾಣ. ದೊಡ್ಡ ಕೊಪ್ಪರಿಗೆಯಲ್ಲಿ ರಸ ಕುದಿಯುತ್ತದೆ. ಒಲೆಗೆ ಅದೇ ಕಬ್ಬಿನ ಒಣಗಿದ ಸಿಪ್ಪೆ. ಒಬ್ಬರು ಉದ್ದ ಹಿಡಿಯ ಜಾಲರಿಯಲ್ಲಿ ಕೊಳೆ ತೆಗೆಯುತ್ತಲೇ ಇದ್ದರು. ಪಾಕ ಬಂತೋ ಇಲ್ಲವೋ ಅಂತ ನೋಡುವುದು ಮಾತ್ರ ಎರಡೂ ಕಡೆ ಒಂದೇ. ಒಂದು ಚೂರು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಸುಕುತ್ತಾರೆ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಇಳಿಸಿ ಜೋನಿ ಬೆಲ್ಲ ಮಾಡಿ ಡಬ್ಬಕ್ಕೆ ತುಂಬುತ್ತೇವೆ. ಇಲ್ಲಿ ಗಟ್ಟಿ ಪಾಕ, ಅಚ್ಚಿಗೆ ಸುರಿದು ಅಚ್ಚು ಬೆಲ್ಲ. "ಜೋನಿ ಬೆಲ್ಲ ಅಂದರೆ ಪಾಕ ಕೆಟ್ಟಿದ್ದು ಅಲ್ವಾ?" ಅಂತ ಇವರು ಕೇಳಿದರು. ದೋಸೆ ಜೊತೆ ಜೋನಿ ಬೆಲ್ಲ, ತುಪ್ಪ ತಿನ್ನದವರ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ.

ಎರಡು ಲೋಟ ಕಬ್ಬಿನ ಹಾಲು ಕುಡಿದೆ. ಇಲ್ಲಿಯವರು "ಹಾಲು" ಅನ್ನುವುದಿಲ್ಲ, ಬರೀ ಜ್ಯೂಸು. ಬಿಸಿ ಬೆಲ್ಲ ಎರಡು ಕೆಜಿ ಕಟ್ಟಿಸಿಕೊಂಡೆವು.

ಜಕ್ಕನಹಳ್ಳಿ ದಾಟಿದ ಮೇಲೆ ಹಸಿರು ಕಮ್ಮಿಯಾಗಿ ಬಂಡೆಗಳು ಶುರು. ಮೇಲುಕೋಟೆ ತಲುಪಿದಾಗ ಅತ್ತೆ ಹೇಳಿದಂತೆಯೇ ಆಗಿತ್ತು. ಚೆಲುವನಾರಾಯಣ ಸ್ವಾಮಿ ದೇವಸ್ಥಾನದ ಬಾಗಿಲು ಹಾಕಿತ್ತು. ಇನ್ನು ಸಂಜೆಗೇ.

ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ದೊನ್ನೆಯಲ್ಲಿ ಪುಳಿಯೋಗರೆ ತಿಂದೆವು. ಹುಣಸೆಯ ಹುಳಿ ಮೊದಲು, ಮೆಣಸಿನ ಖಾರ ಆಮೇಲೆ, ಕೊನೆಗೆ ಹಲ್ಲಿಗೆ ಸಿಗುವ ಕಡಲೆಬೇಳೆ. ನಾನು ಮನೆಯಲ್ಲಿ ಮಾಡುವುದನ್ನು ಇನ್ನು ಪುಳಿಯೋಗರೆ ಅನ್ನಬಾರದು. ನೀರಿನಾಚೆ, ತಲೆ ಮೇಲೆ ಯೋಗಾನರಸಿಂಹನ ಬೆಟ್ಟ. ಬಿಸಿಲಲ್ಲಿ ಹತ್ತಿದೆವು. ಅರ್ಧ ಮೆಟ್ಟಿಲಿಗೆ ಇವರು ಏದುಸಿರು ಬಿಡುತ್ತಾ, "ಆ ಕಡೆ ನೋಡು, ಎಷ್ಟು ಚೆನ್ನಾಗಿದೆ" ಅಂತ ಪದೇ ಪದೇ ನಿಲ್ಲುತ್ತಿದ್ದರು. ಅಷ್ಟು ಸಲ ನೋಡುವಂಥದ್ದು ಏನೂ ಇರಲಿಲ್ಲ.

ಹೀಗೆ ನಿಂತಾಗಲೇ ಕೋತಿ ಬಂದಿದ್ದು. ಹಿಂದಿನಿಂದ ಚೀಲಕ್ಕೆ ಕೈ ಹಾಕಿ ಬೆಲ್ಲದ ಕವರ್ ಕಿತ್ತುಕೊಂಡು ಗೋಡೆ ಮೇಲೆ ಹಾರಿತು. ಪೇಪರ್ ಬಿಚ್ಚಿದ ರೀತಿ ನೋಡಿದರೆ ಇದು ಅದರ ಮೊದಲ ಬೆಲ್ಲ ಅಲ್ಲ. ಒಂದು ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು, ಮೂಸಿ, ಮೂಲೆಯಿಂದ ಕಚ್ಚಿತು. ಕ್ಷಣದಲ್ಲಿ ಇನ್ನಾರು ಕೋತಿ ಬಂದವು. "ಜೋನಿ ಬೆಲ್ಲ ಆಗಿದ್ದರೆ ಡಬ್ಬದಲ್ಲಿ ಇರುತ್ತಿತ್ತು" ಅಂದೆ. ಉತ್ತರ ಬರಲಿಲ್ಲ.

ಅಕ್ಕ ತಂಗಿ ಕೊಳ ನೋಡಿ, ರಾಯಗೋಪುರದ ಆ ನಾಲ್ಕು ಎತ್ತರದ ಕಂಬಗಳ ನೆರಳಲ್ಲಿ ಸ್ವಲ್ಪ ಹೊತ್ತು ಮಲಗಿದೆವು. ಒಂದೇ ರಾತ್ರಿಯಲ್ಲಿ ಕಟ್ಟಲು ಹೋಗಿ, ಬೆಳಗಾಗಿ, ಅರ್ಧಕ್ಕೇ ನಿಂತ ಗೋಪುರ ಅಂತ ಹೇಳುತ್ತಾರೆ. ನಮ್ಮ ಮನೆಯ ಅಟ್ಟ ಜೋಡಿಸುವ ಕೆಲಸವೂ ಅದೇ ಸ್ಥಿತಿಯಲ್ಲಿದೆ.

ಸಂಜೆ ದರ್ಶನ ಆಯಿತು. ದೇವರ ಪಾದದ ಬಳಿ ಬೀಬಿ ನಾಚ್ಚಿಯಾರ್ ಇದ್ದಾಳೆ. ರಾಮಾನುಜರು ದೆಹಲಿಯಿಂದ ಉತ್ಸವಮೂರ್ತಿಯನ್ನು ತಂದಾಗ, ಬಿಟ್ಟಿರಲಾಗದೆ ಹಿಂದೆಯೇ ಬಂದ ಸುಲ್ತಾನನ ಮಗಳು ಅಂತ ಐತಿಹ್ಯ. ದೆಹಲಿಯಿಂದ ಮೇಲುಕೋಟೆಗೆ! ನಾನು ಸಾಗರದಿಂದ ಮಂಡ್ಯಕ್ಕೆ ಬಂದಿದ್ದನ್ನು ದೊಡ್ಡದಾಗಿ ಹೇಳಿಕೊಳ್ಳುವುದು ಬಿಡಬೇಕು. ಈ ದೇವರ ವೈರಮುಡಿ ಕಿರೀಟ ವರ್ಷವಿಡೀ ನಮ್ಮ ಮಂಡ್ಯದ ಖಜಾನೆಯಲ್ಲೇ ಇರುತ್ತದೆ. ಉತ್ಸವಕ್ಕೆ ಮಾತ್ರ ಪೊಲೀಸ್ ಕಾವಲಿನಲ್ಲಿ ಇಲ್ಲಿಗೆ ಬರುತ್ತದೆ, ದಾರಿಯುದ್ದಕ್ಕೂ ಹಳ್ಳಿಯವರ ಪೂಜೆ ಮಾಡಿಸಿಕೊಂಡು. ಅದೂ ಮಂಡ್ಯದಿಂದ ಓಡಾಡುವ ಪಾರ್ಟಿಯೇ ಅಂತ ಇವರು ಕಿವಿಯಲ್ಲಿ ಹೇಳಿದರು. ಗರ್ಭಗುಡಿ ಎದುರು ನಗು ತಡೆಯುವುದು ಕಷ್ಟ.

ಕತ್ತಲಲ್ಲಿ ಮನೆ ಸೇರಿದೆವು. ಗಾಡಿ ಓಡಿಸಿದವರು ಇವರು, ಕೀ ಜೇಬಿಗೆ ಹಾಕಿದವರೂ ಇವರೇ.

ಅದು ಗೊತ್ತಾಗಿದ್ದು ಸೋಮವಾರ ಸಂಜೆ, ಮಂಡ್ಯದಲ್ಲಿ ಸರಿಯಾಗಿ ಎಚ್ಚರವಿದ್ದು ಇಳಿದು ಸ್ಕೂಟರ್ ಪಕ್ಕ ನಿಂತು ಬ್ಯಾಗ್ ತಡಕಿದಾಗ. ಫೋನ್ ಮಾಡಿದೆ. ಬಿಡದಿ ಹತ್ತಿರ ಇದ್ದರು.

"ಅಲ್ಲಿ ನಿಂತು ಏನು ಮಾಡ್ತೀಯ? ಮದ್ದೂರಿಗೆ ಬಂದುಬಿಡು" ಅಂದರು.

ಈ ಸಲ ಟಿಕೆಟ್ ತಗೊಂಡೆ.