ಸೈಜ್ ನೋಡಿ ಅಲ್ಲ, ಕೆಸರು ನೋಡಿ ಟೈರ್ ಹಾಕಿಸಿದೆ

ತೋಟದ ಜೀಪು ಥಾರ್‌ಗೆ ಯಾವ ಟೈರ್ ಹಾಕಿಸೋದು ಅಂತ ತೀರ್ಮಾನ ಮಾಡಲು ನನಗೆ ಮೂರು ತಿಂಗಳು ಹಿಡಿಯಿತು. ನಮ್ಮ ಕಾಫಿ ತೋಟ ಇರುವುದು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಟಾರ್ ರೋಡಿಗೆ ಸೇರಲು ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ಒಂದು ಏರು. ಬೇಸಿಗೆಯಲ್ಲಿ ಬೈಕಿನವರೂ ಹತ್ತುತ್ತಾರೆ. ಜೂನ್ ಕಳೆದ ಮೇಲೆ ಅದೇ ಏರು ಬೇರೆಯೇ ಆಗಿಬಿಡುತ್ತದೆ. ಕಳೆದ ಜುಲೈನಲ್ಲಿ ಕೆಲಸಗಾರರ ಲೈನ್‌ಮನೆಯ ಒಂದು ಮಗುವಿಗೆ ರಾತ್ರಿ ಜ್ವರ ಜಾಸ್ತಿಯಾಗಿ ಆಸ್ಪತ್ರೆಗೆ ಹೊರಟೆವು. ಆ ಏರಿನಲ್ಲೇ ಅರ್ಧ ಗಂಟೆ ಸಿಕ್ಕಿಕೊಂಡೆವು. ಸವೆದ ಟೈರ್, ಸುರಿಯುವ ಮಳೆ, ಹಿಂದಿನ ಸೀಟಿನಲ್ಲಿ ಅಳುವ ಮಗು. ನಾಲ್ಕು ಜನ ತಳ್ಳಿ ಮೇಲೆ ಹತ್ತಿಸಿದರು. ಮಗು ಹುಷಾರಾಯಿತು. ಆದರೆ ಇನ್ನೊಂದು ಮಳೆಗಾಲ ಈ ಟೈರಿನಲ್ಲಿ ಕಳೆಯಬಾರದು ಅಂತ ಅವತ್ತೇ ಗಟ್ಟಿ ಮಾಡಿಕೊಂಡೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ದೊಡ್ಡದು ಹಾಕಿಸು, ಅಗಲದ್ದು ಹಾಕಿಸು. ನನ್ನದು ಹಳೇ ಮಾದರಿಯ ಸಿಆರ್‌ಡಿಇ ಥಾರ್, ಕಂಪನಿಯಿಂದ ಬಂದ ಸೈಜ್ 235/70 ಆರ್16. ಅಂದರೆ ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 70, ರಿಮ್ 16 ಇಂಚು. ಗೆಳೆಯನೊಬ್ಬ ತನ್ನ ಗಾಡಿಯ 31x10.5 ಆರ್15 (31 ಇಂಚು ಎತ್ತರ, 10.5 ಇಂಚು ಅಗಲ) ಟೈರುಗಳನ್ನು ರಿಮ್ ಸಮೇತ ಒಂದು ಭಾನುವಾರದ ಮಟ್ಟಿಗೆ ಬಿಚ್ಚಿ ಕೊಟ್ಟ. ಹಾಕಿ ನಿಲ್ಲಿಸಿದರೆ ಗಾಡಿ ನೋಡಲು ತುಂಬಾ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಉಜ್ಜುವ ಸದ್ದು ಬಂತು, ಅದನ್ನು ಸರಿ ಮಾಡಬಹುದು ಅಂದುಕೊಂಡೆ. ಏರಿನ ಹತ್ತಿರ ಹೋದೆ. ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ನಿಧಾನದ ಗೇರ್) ಹಾಕಿ, ನಿಧಾನವಾಗಿ ಬಿಟ್ಟೆ. ಅರ್ಧ ಹತ್ತಿ ಅಲ್ಲೇ ನಿಂತು ನಾಲ್ಕೂ ಚಕ್ರ ಸುಮ್ನೆ ತಿರುಗತೊಡಗಿದವು.

ಇಳಿದು ನೋಡಿದಾಗ ವಿಷಯ ಗೊತ್ತಾಯಿತು. ಟೈರು ಹೂತಿರಲೇ ಇಲ್ಲ. ಕೆಸರಿನ ಮೇಲೆ ಕೂತಿತ್ತು, ತೇಲುವ ಹಾಗೆ. ಒಂದು ಕೋಲು ಚುಚ್ಚಿ ನೋಡಿದೆ. ಗೇಣುದ್ದ ಕೂಡ ಇಳಿಯಲಿಲ್ಲ, ಕಟ್ ಅಂತ ಕೆಳಗಿನ ಗರಸು ಸಿಕ್ಕಿತು. ನಮ್ಮ ಕೆಸರು ಅಂಥದ್ದು. ಮೇಲೆ ಕೊಳೆತ ಎಲೆ, ಅದರಡಿ ಬೆಣ್ಣೆಯಂಥ ಕೆಂಪು ಜೇಡಿ, ಅದರಡಿ ಗಟ್ಟಿ ನೆಲ. ಹಿಡಿತ ಇರುವುದು ಆ ಗಟ್ಟಿ ನೆಲದಲ್ಲಿ. ಅದಕ್ಕೆ ತಾಗಬೇಕಾದರೆ ಟೈರು ಕೆಸರನ್ನು ಸೀಳಿಕೊಂಡು ಕೆಳಗೆ ಇಳಿಯಬೇಕು, ಸೀಳಬೇಕಾದರೆ ಕಿರಿದಾಗಿರಬೇಕು. ಕೆಳಗೆ ಗಟ್ಟಿ ನೆಲವೇ ಸಿಗದ ಕಡೆ, ಗದ್ದೆ ಕೆಸರಿನಲ್ಲೋ ಮರಳಿನಲ್ಲೋ, ಅಗಲದ ಟೈರೇ ಬೇಕು. ಅಲ್ಲಿ ತೇಲಿದವನೇ ದಾಟುತ್ತಾನೆ. ನಮ್ಮಲ್ಲಿ ಉಲ್ಟಾ. ಹಳೇ ಜೀಪುಗಳ ಟೈರು 6.00-16, ಅಂದರೆ ಅಗಲ ಬರೀ ಆರು ಇಂಚು, ಈಗಿನವರ ಕಣ್ಣಿಗೆ ಕಡ್ಡಿಯಂತೆ ಕಾಣುವಷ್ಟು ಸಣ್ಣದು. ಅವು ಈ ಮಲೆನಾಡಿನ ತೋಟಗಳಲ್ಲಿ ಎಷ್ಟು ವರ್ಷ ಓಡಾಡಿಲ್ಲ ಹೇಳಿ!

ಹಾಗಾಗಿ ನಾನು ಹುಡುಕಿದ್ದು ಎತ್ತರ ಜಾಸ್ತಿ ಇದ್ದು ಅಗಲ ಕಮ್ಮಿ ಇರುವ ಟೈರು. ಕೊನೆಗೆ ತೆಗೆದುಕೊಂಡದ್ದು 245/75 ಆರ್16 ಮಡ್ ಟೈರ್. ಅಗಲ ಹಳೆಯದಕ್ಕಿಂತ 10 ಮಿಲಿಮೀಟರ್ ಜಾಸ್ತಿಯೇ, ಆದರೆ ಗೆಳೆಯನ ಟೈರಿಗಿಂತ ಸುಮಾರು 20 ಮಿಲಿಮೀಟರ್ ಕಮ್ಮಿ. ಹಳೆಯದರ ಎತ್ತರ ಸುಮಾರು 735 ಮಿಲಿಮೀಟರ್, ಇದರದು 774. ಗಾಡಿಯ ಹೊಟ್ಟೆ ನೆಲದಿಂದ ಈ ವ್ಯತ್ಯಾಸದ ಅರ್ಧದಷ್ಟು ಮಾತ್ರ ಮೇಲೇಳುತ್ತದೆ, ಅಂದರೆ 19 ಮಿಲಿಮೀಟರ್. ಕಮ್ಮಿ ಅನ್ನಿಸಬಹುದು. ಆದರೆ ಗಾಲಿ ಜಾಡಿನ ಮಧ್ಯದ ದಿಬ್ಬ ಆಕ್ಸಲ್ ನಡುವಿನ ಗೇರ್ ಉಂಡೆ, ಅಂದರೆ ಡಿಫರೆನ್ಷಿಯಲ್‌ಗೆ ತಾಗುವುದೋ ಬಿಡುವುದೋ ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗುತ್ತದೆ. ಸ್ಪೀಡೋಮೀಟರ್ ಈಗ ಸ್ವಲ್ಪ ಕಮ್ಮಿ ತೋರಿಸುತ್ತದೆ, 60 ಅಂದರೆ ನಿಜಕ್ಕೂ 63. ಗಾಡಿ ಎಳೆಯುವುದು ಒಂಚೂರು ಭಾರ ಆಯಿತು. ಇನ್ನೂ ದೊಡ್ಡದು ಹಾಕಿದ್ದರೆ ಗೇರ್, ಕ್ಲಚ್, ಬ್ರೇಕ್ ಎಲ್ಲದರ ಮೇಲೂ ಹೊರೆ ಬೀಳುತ್ತಿತ್ತು.

ಅಂಗಡಿಯಲ್ಲಿ ಟೈರಿನ ಬಟನ್ (ನೆಲಕ್ಕೆ ತಾಗುವ ರಬ್ಬರ್ ಉಬ್ಬು) ನೋಡುವಾಗ ಬಟನ್ ಎಷ್ಟು ದಪ್ಪ ಅನ್ನೋದಕ್ಕಿಂತ ಎರಡು ಬಟನ್ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ. ನನ್ನ ಎರಡು ಬೆರಳು ಒಳಗೆ ಹೋಗುತ್ತಿದ್ದವು. ಚಕ್ರ ತಿರುಗುವಾಗ ಕೆಸರು ಅಲ್ಲಿಂದ ಹಾರಿ ಹೋಗಬೇಕು. ಹೋಗದೆ ತುಂಬಿಕೊಂಡರೆ ಎಂಥ ಮಡ್ ಟೈರ್ ಆದರೂ ನುಣ್ಣನೆಯ ಉರುಳೆ ಆಗಿಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ಓದಿ. 2224 ಅಂತ ಇದ್ದರೆ 2024ರ 22ನೇ ವಾರದಲ್ಲಿ ತಯಾರಾದದ್ದು. ನನಗೆ ಮೊದಲು ತೋರಿಸಿದ ಸೆಟ್ ನಾಲ್ಕು ವರ್ಷ ಗೋಡೌನಿನಲ್ಲಿ ಕೂತಿದ್ದು. ಬೇಡ ಅಂದೆ.

ಸ್ಟೆಪ್ನಿಯನ್ನೂ ಸೇರಿಸಿ ಐದು ತೆಗೆದುಕೊಳ್ಳಿ. ಫೋರ್ ವೀಲ್ ಹಾಕಿದಾಗ ಮುಂದೆ ಹಿಂದೆ ಬೇರೆ ಬೇರೆ ಎತ್ತರದ ಟೈರ್ ಇದ್ದರೆ, ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೊಳಗೇ ಬಿಗಿದುಕೊಳ್ಳುತ್ತದೆ.

ಇನ್ನು ಗಾಳಿ. ಟೈರಿಗೆ ಕೊಟ್ಟ ದುಡ್ಡಿನ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ ಅಂತ ನನಗೆ ಈಗ ನಂಬಿಕೆ ಬಂದಿದೆ. ರೋಡಿನಲ್ಲಿ 30 ಪಿಎಸ್‌ಐ ಇಟ್ಟುಕೊಳ್ಳುತ್ತೇನೆ, ಹಳ್ಳದ ಹತ್ತಿರ ನಿಲ್ಲಿಸಿ 18ಕ್ಕೆ ಇಳಿಸುತ್ತೇನೆ. ಟೈರು ಉದ್ದಕ್ಕೆ ಚಪ್ಪಟೆಯಾಗಿ ಕೂರುತ್ತದೆ, ಬಟನ್‌ಗಳು ಬೇರನ್ನೂ ಕಲ್ಲನ್ನೂ ಹಿಡಿಯುತ್ತವೆ. ಇನ್ನೂ ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಬ್ಯಾಟರಿಗೆ ಹಾಕುವ ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇಡಿ, ಟಾರ್ ರೋಡಿಗೆ ಬಂದ ಕೂಡಲೇ ಮತ್ತೆ ತುಂಬಿಸಿ.

ಟಾರ್ ರೋಡಿನ ವಿಷಯ ಮುಚ್ಚಿಡಲ್ಲ. ಮಡ್ ಟೈರ್ ಸದ್ದು ಮಾಡುತ್ತದೆ, ಅದು ದೊಡ್ಡ ವಿಷಯ ಅಲ್ಲ. ಒದ್ದೆ ರೋಡಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಮುಂದೆ ಹೋಗಿ ನಿಲ್ಲುತ್ತದೆ, ಅದು ದೊಡ್ಡ ವಿಷಯ. ರೋಡಿಗೆ ತಾಗುವ ರಬ್ಬರೇ ಕಮ್ಮಿ ಅಲ್ವಾ? ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮುಂದಿನ ಗಾಡಿಯಿಂದ ಮೊದಲಿಗಿಂತ ಎರಡು ಪಟ್ಟು ದೂರ ಬಿಡುತ್ತೇನೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವವರು, ತೋಟಕ್ಕೆ ಅಪರೂಪಕ್ಕೆ ಬರುವವರು ಇದನ್ನು ಹಾಕಿಸಲೇಬೇಡಿ, ರೋಡಿಗೂ ಮಣ್ಣಿಗೂ ಆಗುವ ಎ/ಟಿ (ಆಲ್ ಟೆರೇನ್) ಟೈರ್ ಸಾಕು. ಕಾನೂನೂ ನೆನಪಿರಲಿ. ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವು ಹಾಕಿಸುವ ಸೈಜಿನ ಬಗ್ಗೆ ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಮೊದಲೇ ಕೇಳಿಕೊಳ್ಳಿ.

ಈ ಜೂನ್ ಕೊನೆಯಲ್ಲಿ, ಮೂರು ದಿನ ಬಿಡದೆ ಸುರಿದ ಮೇಲೆ, ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ತರಬೇಕಿತ್ತು. ಹೊರಟೆ. ಏರಿನಲ್ಲಿ ಒಂದು ಕಡೆ ಗಾಡಿ ಪಕ್ಕಕ್ಕೆ ಜಾರಿತು, ಆಮೇಲೆ ಹಿಡಿದುಕೊಂಡು ಹತ್ತಿತು. ಮೇಲೆ ನಿಲ್ಲಿಸಿ ಹಿಂದೆ ನಡೆದು ಹೋಗಿ ಜಾಡು ನೋಡಿದೆ. ಎರಡು ಕಡೆ ಕೆಂಪು ಕೆಸರು ಗೋಡೆಯಂತೆ ಎದ್ದಿತ್ತು, ತಳದಲ್ಲಿ ಗರಸು ಕಲ್ಲು ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

ಒಂದು ಕೆಲಸ ಬಾಕಿ ಇದೆ. ಅಪ್ಪ ಇಟ್ಟುಕೊಂಡಿದ್ದ ಚಕ್ರಕ್ಕೆ ಕಟ್ಟುವ ಚೈನು ಈ ಟೈರಿಗೆ ಎರಡು ಕೊಂಡಿ ಗಿಡ್ಡ ಬೀಳುತ್ತಿದೆ. ಆಗಸ್ಟ್ ಮಳೆಗೆ ಮುಂಚೆ ವೆಲ್ಡಿಂಗ್ ಶಾಪಿಗೆ ಒಯ್ದು ಜೋಡಿಸಿಕೊಂಡು ಬರಬೇಕು.