ಹೊಸ ಬೇರಿಂಗ್ ಹಾಕಿದ ಮೇಲೂ ನಿಲ್ಲದ ಸದ್ದು

ಕಳಸದ ಸುತ್ತಮುತ್ತಲಿನ ಕಾಫಿ ಮತ್ತು ಅಡಿಕೆ ತೋಟಗಳಿಗೆ ಹೋಗುವ ಎಷ್ಟೋ ದಾರಿಗಳು ಇಂದಿಗೂ ಕಲ್ಲು, ಕೆಸರು ಮತ್ತು ಹಳ್ಳಗಳ ದಾರಿಗಳೇ. ಅಲ್ಲಿ ಓಡಾಡುವ ಫೋರ್‌ವ್ಹೀಲ್ ಜೀಪುಗಳನ್ನು ರಿಪೇರಿ ಮಾಡುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಗ್ಯಾರೇಜಿಗೆ ಅತಿ ಹೆಚ್ಚು ಬರುವ ದೂರು ಚಕ್ರದ ಬೇರಿಂಗಿನ ಸದ್ದು. ಅಷ್ಟು ಪರಿಚಿತವಾದ ದೂರನ್ನೇ ನಾನು ಒಮ್ಮೆ ಪೂರ್ತಿ ತಪ್ಪಾಗಿ ಓದಿದೆ.

ಆ ಜೀಪು ಒಬ್ಬ ತೋಟದ ಮಾಲೀಕರದು. ಹಳೆಯ ಮಹೀಂದ್ರ ಎಂಎಂ 540. ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಮುಂದಿನಿಂದ ಗುಂಯ್ ಎಂಬ ಸದ್ದು ಆರಂಭವಾಗಿ, ವೇಗ ಹೆಚ್ಚಿದಂತೆ ಗೊರಗೊರ ಎನ್ನುತ್ತದೆ ಎಂದು ಅವರು ಹೇಳಿದರು. ನಾನು ಎಡಗಡೆ ಕುಳಿತು ಅವರೊಂದಿಗೆ ಹೊರನಾಡು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಸದ್ದು ನನ್ನ ಕಾಲಿನ ಬುಡದಿಂದಲೇ ಬರುತ್ತಿದೆ ಎನಿಸಿತು. ಮರಳಿ ಬಂದು ಎಡಚಕ್ರವನ್ನು ಜಾಕಿಯ ಮೇಲೆ ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದಾಗ ಸ್ಪಷ್ಟವಾದ ಆಟ, ಅಂದರೆ ಸಡಿಲ, ಸಿಕ್ಕಿತು. ಕಿವಿ ಹೇಳಿದ್ದನ್ನು ಕೈಯೂ ಹೇಳಿತೆಂದು ನಂಬಿ, ಬೇರಿಂಗ್ ಕೂರುವ ಚಕ್ರದ ನಡುಭಾಗವಾದ ಹಬ್ ಬಿಚ್ಚಿದೆ.

ಒಳಗಿದ್ದ ಎರಡೂ ಟೇಪರ್ ರೋಲರ್ ಬೇರಿಂಗ್‌ಗಳನ್ನು ಡೀಸೆಲ್‌ನಲ್ಲಿ ತೊಳೆದು ನೋಡಿದೆ. ರೋಲರ್‌ಗಳು ಹೊಳೆಯುತ್ತಿದ್ದವು, ಅವು ಉರುಳುವ ಹೊರಬಳೆಯಾದ ಕಪ್‌ನ ಒಳಮೈ ನುಣುಪಾಗಿತ್ತು, ಗ್ರೀಸಿನ ಬಣ್ಣವೂ ಕೆಟ್ಟಿರಲಿಲ್ಲ. ನಾನು ಅಲ್ಲಿಯೇ ನಿಂತು ಯೋಚಿಸಬೇಕಾಗಿತ್ತು. ಆದರೆ ಬಿಚ್ಚಿದ್ದಾಗಿದೆ, ಹೊಸದು ಹಾಕಿದರೆ ನಷ್ಟವೇನು ಎಂದುಕೊಂಡು ಹೊಸ ಬೇರಿಂಗ್ ಮತ್ತು ನೀರು ತಡೆಯುವ ಸೀಲು ಹಾಕಿ, ನಟ್ಟು ಬಿಗಿದು ಕಳುಹಿಸಿದೆ. ಎರಡನೆಯ ದಿನ ಜೀಪು ಅದೇ ಸದ್ದಿನೊಂದಿಗೆ ಗ್ಯಾರೇಜಿನ ಮುಂದೆ ಬಂದು ನಿಂತಿತು. ಕೂಲಿಯನ್ನೂ ಬಿಡಿಭಾಗದ ಹಣವನ್ನೂ ಮರಳಿಸಿ, ಒಂದು ದಿನ ಗಾಡಿಯನ್ನು ಬಿಟ್ಟುಹೋಗುವಂತೆ ಅವರನ್ನು ಕೇಳಿಕೊಂಡೆ.

ಆ ದಿನ ನಾನು ಮಾಡಿದ ಪರೀಕ್ಷೆಗಳು ಯಾವುವೂ ಹೊಸವಲ್ಲ. ಎಲ್ಲವೂ ಮೊದಲೇ ಗೊತ್ತಿದ್ದವು, ಅವಸರದಲ್ಲಿ ಬಿಟ್ಟವು. ಸಮತಟ್ಟಾದ ರಸ್ತೆಯಲ್ಲಿ ನಲವತ್ತರ ವೇಗಕ್ಕೆ ತಂದು ಗೇರನ್ನು ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಆರ್‌ಪಿಎಂ ಇಳಿಸಿದರೂ ಸದ್ದು ಹಾಗೆಯೇ ಇತ್ತು. ಅಂದರೆ ಅದು ಎಂಜಿನ್ನಿನದಲ್ಲ, ಉರುಳುವ ಭಾಗದ್ದು. ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಕೇಳಿಸಿದ್ದರೆ ಆಕ್ಸಲ್ಲಿನಲ್ಲಿರುವ ಗೇರುಗಳ ಗುಂಪಾದ ಡಿಫರೆನ್ಷಿಯಲ್‌ನ ಹಲ್ಲುಗಳನ್ನು ಅನುಮಾನಿಸುತ್ತಿದ್ದೆ, ಹಾಗೂ ಆಗಲಿಲ್ಲ. ದಪ್ಪ ಗಟ್ಟಿಗಳಿರುವ ಕೆಸರಿನ ಟೈರುಗಳು ಡಾಂಬರಿನ ಮೇಲೆ ಬೇರಿಂಗಿನಂತೆಯೇ ಗುಂಯ್‌ಗುಡುವುದರಿಂದ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿದೆ. ಸದ್ದು ಟೈರಿನ ಜೊತೆ ಹಿಂದಕ್ಕೆ ಹೋಗದೆ ಮುಂದೆಯೇ ಉಳಿಯಿತು.

ನಿಜವಾದ ಸುಳಿವು ಕೊಟ್ಟದ್ದು ತಿರುವು. ಗಾಡಿ ಎಡಕ್ಕೆ ಹೊರಳಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ, ಬಲಕ್ಕೆ ಹೊರಳಿದಾಗ ಎಡಚಕ್ರದ ಮೇಲೆ. ಎದುರಿಗೆ ವಾಹನಗಳಿಲ್ಲದ ಅಗಲವಾದ ಕಡೆಯಲ್ಲಿ ನಿಧಾನವಾಗಿ ಆಚೆ ಈಚೆ ಸ್ಟಿಯರಿಂಗ್ ತಿರುಗಿಸುತ್ತ ಹೋದಾಗ, ಎಡಕ್ಕೆ ತಿರುಗಿದ ಪ್ರತಿ ಸಲವೂ ಗೊರಗೊರ ಜೋರಾಯಿತು, ಬಲಕ್ಕೆ ತಿರುಗಿದಾಗ ತಗ್ಗಿತು. ಕೆಟ್ಟಿರುವುದು ಬಲಗಡೆ. ಚಾಸಿಯ ಉಕ್ಕು ಮತ್ತು ಬಾಡಿಯ ತಗಡು ಸದ್ದನ್ನು ಎಲ್ಲಿಂದೆಲ್ಲಿಗೋ ಸಾಗಿಸುವುದರಿಂದ, ಕುಳಿತ ಜಾಗದಿಂದ ದಿಕ್ಕನ್ನು ನಿರ್ಧರಿಸಲು ಹೋಗಬಾರದಿತ್ತು.

ಹಾಗಾದರೆ ಎಡಚಕ್ರದಲ್ಲಿ ಸಿಕ್ಕ ಆಟ ಯಾವುದು? ಅದನ್ನು ಮತ್ತೆ ಎತ್ತಿ, ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಅಲುಗಾಡಿಸಿದೆ. ಬ್ರೇಕ್ ಹಿಡಿದಾಗ ಚಕ್ರದ ಡ್ರಮ್ಮು ಮತ್ತು ಬೇರಿಂಗ್ ಕೂರುವ ಸ್ಪಿಂಡಲ್ ಒಂದಾಗುವುದರಿಂದ ಬೇರಿಂಗಿನ ಆಟವಾಗಿದ್ದರೆ ಅದು ಮಾಯವಾಗಬೇಕು. ಇಲ್ಲಿ ಆಟ ಹಾಗೆಯೇ ಉಳಿಯಿತು, ಏಕೆಂದರೆ ಅದು ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್ನಿನದು. ಅದನ್ನು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಸರಿಪಡಿಸಿದ್ದಾಯಿತು. ಒಂದೇ ಗಾಡಿಯ ಎರಡು ಬೇರೆ ತೊಂದರೆಗಳನ್ನು ನಾನು ಮೊದಲ ದಿನ ಒಂದೆಂದು ಹೊಲಿದುಬಿಟ್ಟಿದ್ದೆ.

ಬಲಚಕ್ರವನ್ನು ಎತ್ತಿ ನೋಡಿದರೆ ಅಲುಗಾಟ ಹೆಚ್ಚೇನೂ ಇರಲಿಲ್ಲ. ಫ್ರೀವ್ಹೀಲ್ ಹಬ್ಬನ್ನು ಬಿಡಿಸಿದರೆ ಆಕ್ಸಲ್ ಶಾಫ್ಟ್ ತಿರುಗದೆ ಚಕ್ರವೊಂದೇ ತಿರುಗುತ್ತದೆ, ಆಗ ಕೇಳುವುದೆಲ್ಲ ಬೇರಿಂಗಿನದೇ. ಹಾಗೆ ಬಿಡಿಸಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತ ಇನ್ನೊಂದು ಕೈಯ ಬೆರಳುಗಳನ್ನು ಪಟ್ಟಿ ಸ್ಪ್ರಿಂಗಿನ ಮೇಲೆ ಇಟ್ಟಾಗ, ಕಿವಿಗೆ ಕೇಳದಷ್ಟು ಸಣ್ಣ ನಡುಕ ಬೆರಳಿಗೆ ತಿಳಿಯಿತು. ರಾಗಿಕಲ್ಲನ್ನು ಖಾಲಿ ತಿರುಗಿಸಿದ ಹಾಗೆ. ಎಡಚಕ್ರದ ಸ್ಪ್ರಿಂಗು ಅದೇ ಪರೀಕ್ಷೆಯಲ್ಲಿ ತೆಪ್ಪಗಿತ್ತು.

ಬಲಗಡೆಯ ಹಬ್ ಬಿಚ್ಚಿದಾಗ ಹೊರಗಿನ ಬೇರಿಂಗ್ ಚೆನ್ನಾಗಿಯೇ ಇತ್ತು. ಒಳಗಿನದರ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ತೆಳ್ಳಗಾಗಿತ್ತು, ಮೂಗಿನ ಹತ್ತಿರ ಹಿಡಿದರೆ ಗೇರ್ ಆಯಿಲ್‌ನ ಘಾಟು ಬಂತು. ತೊಳೆದ ಮೇಲೆ ಕಪ್‌ನ ಒಳಮೈಯಲ್ಲಿ ರೋಲರ್‌ಗಳ ನಡುವಿನ ಅಂತರಕ್ಕೆ ಸರಿಯಾಗಿ ಕಪ್ಪು ಗೀರುಗಳು ಸಾಲಾಗಿ ಕಂಡವು. ಅವುಗಳಲ್ಲಿ ಎರಡರ ಅಂಚಿನಿಂದ ಉಕ್ಕು ಹಕ್ಕಳೆಯಾಗಿ ಎದ್ದಿತ್ತು. ಓಡುವ ಗಾಡಿಯಲ್ಲಿ ಇಂತಹ ಗೀರು ಹುಟ್ಟುವುದಿಲ್ಲ. ನೀರು ಸೇರಿದ ಬೇರಿಂಗ್ ದಿನಗಟ್ಟಲೆ ನಿಂತಲ್ಲೇ ನಿಂತಾಗ, ರೋಲರ್ ಕಪ್‌ನ ಮೈಯನ್ನು ಮುಟ್ಟುವ ಗೆರೆಯಲ್ಲಿ ತುಕ್ಕು ಕಚ್ಚುತ್ತದೆ. ಮತ್ತೆ ಓಡತೊಡಗಿದಾಗ ಆ ಗಾಯದ ಅಂಚು ಕಿತ್ತುಬರುತ್ತದೆ. ಅತಿಯಾಗಿ ಬಿಗಿದ ಬೇರಿಂಗ್ ಆಗಿದ್ದರೆ ಕಾವಿಗೆ ನೀಲಿ ಛಾಯೆ ಬಂದಿರುತ್ತಿತ್ತು. ಮಾಲೀಕರನ್ನು ಕೇಳಿದಾಗ, ಜುಲೈನಲ್ಲಿ ಹಳ್ಳ ದಾಟಿ ಬಂದ ಜೀಪು ಹತ್ತು ಹನ್ನೆರಡು ದಿನ ಶೆಡ್ಡಿನಲ್ಲೇ ಇತ್ತೆಂದು ನೆನಪಿಸಿಕೊಂಡರು. ಕೈಯಲ್ಲಿದ್ದ ಕಪ್ ಆ ದಿನಗಳ ಲೆಕ್ಕವನ್ನು ಬರೆದಿಟ್ಟುಕೊಂಡಿತ್ತು.

ಇಷ್ಟಕ್ಕೇ ಹೊಸ ಬೇರಿಂಗ್ ಹಾಕಿ ಮುಗಿಸಿದ್ದರೆ ಮುಂದಿನ ವರ್ಷ ಇದೇ ಚಕ್ರ ಮತ್ತೆ ಬರುತ್ತಿತ್ತು. ನೀರು ಮತ್ತು ಗೇರ್ ಆಯಿಲ್ ಎರಡೂ ಒಳಗೆ ಹೇಗೆ ಬಂದವು ಎಂದು ಹುಡುಕುತ್ತ ಹೋದಾಗ ಆಕ್ಸಲ್ಲಿನ ಮೇಲಿರುವ, ಒಳಗಿನ ಗಾಳಿ ಆಡುವ ತೂತಾದ ಬ್ರೀದರ್ ಕಣ್ಣಿಗೆ ಬಿತ್ತು. ಆ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ ಅದು ಪೂರ್ತಿ ಮುಚ್ಚಿಹೋಗಿತ್ತು. ಓಡುವಾಗ ಕಾದ ಆಕ್ಸಲ್ಲಿನ ಗಾಳಿ ಹಿಗ್ಗಿ, ಹೊರಹೋಗಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ; ಅದೇ ಬಿಸಿಯಲ್ಲಿ ತಣ್ಣಗಿನ ಹಳ್ಳಕ್ಕೆ ಇಳಿದಾಗ ಗಾಳಿ ಕುಗ್ಗಿ ಸೀಲಿನ ಅಂಚಿನಿಂದ ನೀರನ್ನು ಒಳಗೆಳೆಯುತ್ತದೆ. ಬ್ರೀದರ್ ಸರಿಯಿದ್ದರೂ ಬಿಸಿ ಹಬ್ ನೀರಿನಲ್ಲಿ ಸ್ವಲ್ಪ ಎಳೆಯುವುದುಂಟು, ಆದರೆ ಇಷ್ಟಲ್ಲ. ಬ್ರೀದರಿಗೆ ರಬ್ಬರ್ ಪೈಪು ಜೋಡಿಸಿ ಅದರ ಬಾಯನ್ನು ಎಂಜಿನ್ ಕೋಣೆಯ ಎತ್ತರಕ್ಕೆ ಒಯ್ದು ಕಟ್ಟಿದೆವು. ಹಬ್ಬಿನ ಸೀಲು ಕೂರುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರೂ ಬಿದ್ದಿದ್ದರಿಂದ ಸ್ಪಿಂಡಲನ್ನೇ ಬದಲಾಯಿಸಬೇಕಾಯಿತು. ಅಂತಹ ಸ್ಪಿಂಡಲ್ ಮೇಲೆ ಎಷ್ಟು ಒಳ್ಳೆಯ ಸೀಲು ಕೂರಿಸಿದರೂ ಅದು ನೀರನ್ನು ತಡೆಯುವುದಿಲ್ಲ.

ಜೋಡಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಪ್ ಮತ್ತು ರೋಲರ್‌ಗಳಿರುವ ಒಳಬಳೆಯಾದ ಕೋನ್ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು, ಹಳೆಯ ಕಪ್‌ನಲ್ಲಿ ಹೊಸ ಕೋನ್ ಬಾಳುವುದಿಲ್ಲ. ಕಪ್ಪನ್ನು ಹಿತ್ತಾಳೆಯ ಕಡ್ಡಿಯಿಂದ ಸುತ್ತಲೂ ಸಮವಾಗಿ ತಟ್ಟಿ ತಳಕ್ಕೆ ಕೂರಿಸುತ್ತೇನೆ. ಗ್ರೀಸನ್ನು ಮೇಲೆ ಬಳಿದರೆ ಸಾಲದು. ಅಂಗೈಯಲ್ಲಿಟ್ಟುಕೊಂಡು ಬೇರಿಂಗಿನ ಅಗಲವಾದ ಬಾಯಿಗೆ ಒತ್ತುತ್ತ, ಇನ್ನೊಂದು ಬದಿಯಿಂದ ಅದು ಹೊರಬರುವವರೆಗೆ ತುಂಬಬೇಕು. ನಮ್ಮ ಹುಡುಗರಲ್ಲಿ ನಾನು ಪದೇ ಪದೇ ತಡೆಯುವ ಅಭ್ಯಾಸವೆಂದರೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಒಳನಟ್ಟನ್ನು ಬಿಗಿಯುವುದು. ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಚಕ್ರ ಹಿಡಿದುಕೊಂಡ ಮೇಲೆ ಸುಮಾರು ಆರನೇ ಒಂದು ಸುತ್ತು ಸಡಿಲಿಸಿ, ಲಾಕ್ ವಾಷರು ಮತ್ತು ಹೊರನಟ್ಟು ಹಾಕಿದ ಬಳಿಕ ಮತ್ತೊಮ್ಮೆ ಅಲುಗಾಡಿಸಿ ನೋಡಬೇಕು, ಏಕೆಂದರೆ ಹೊರನಟ್ಟು ಬಿಗಿದಾಗ ಒಳಗಿನ ಹೊಂದಾಣಿಕೆ ತುಸು ಬದಲಾಗುತ್ತದೆ. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಎರಡೂ ಹಬ್‌ಗಳನ್ನು ಕೈಯಿಂದ ಮುಟ್ಟಿ ಕಾವನ್ನು ಹೋಲಿಸದೆ ಗಾಡಿಯನ್ನು ಒಪ್ಪಿಸುವುದಿಲ್ಲ.

ಈಗ ನಮ್ಮಲ್ಲಿ ಬಿಚ್ಚಿದ ಬೇರಿಂಗನ್ನು ತೊಳೆದು, ಬಿಳಿ ಬಟ್ಟೆಯ ಮೇಲಿಟ್ಟು, ಕೇಳಿದ ಸದ್ದಿಗೆ ತಕ್ಕ ಗಾಯ ಅದರಲ್ಲಿ ಕಾಣುವವರೆಗೆ ಹೊಸದರ ಪೆಟ್ಟಿಗೆ ತೆರೆಯುವುದಿಲ್ಲ. ಗಾಯ ಕಾಣದಿದ್ದರೆ ಹಳೆಯದನ್ನೇ ಗ್ರೀಸು ತುಂಬಿ ಹಾಕಿ, ಮತ್ತೆ ರಸ್ತೆಗಿಳಿದು ಮೊದಲಿನಿಂದ ಹುಡುಕುತ್ತೇವೆ. ಆಯುಧಪೂಜೆಗೆಂದು ಜೀಪುಗಳು ತೊಳೆಯಲು ಬರುವ ವಾರದಲ್ಲಿ, ಹಳ್ಳ ದಾಟುವ ಪ್ರತಿಯೊಂದು ಗಾಡಿಯ ಮುಂದಿನ ಹಬ್ಬನ್ನು ಬಿಚ್ಚಿ ಗ್ರೀಸಿನ ಬಣ್ಣ ನೋಡುತ್ತೇವೆ. ಆ ತೋಟದ ಜೀಪು ಅದಾದ ಮೇಲೆ ಎರಡು ಮಳೆಗಾಲ ಕಂಡಿದೆ. ಈ ಸಲ ಅದರ ಬಲಗಡೆಯ ಹಬ್ ಬಿಚ್ಚಿದಾಗ ಗ್ರೀಸು ಹಾಕಿದ ದಿನದ ಬಣ್ಣದಲ್ಲೇ ಇತ್ತು.