ಶಾಸನ ಕಮ್ಮಟಕ್ಕೆ ಬಾದಾಮಿಗೆ ಹೊರಡುವ ಮುನ್ನ

ಬಾಗಲಕೋಟೆ ಕಡೆ ಶಾಸನ ಕಮ್ಮಟ ಇಟ್ಟುಕೊಂಡರೆ ಒಂದು ಪೂರ್ತಿ ದಿನ ಬಾದಾಮಿಗೇ ಕೊಡಿ. ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಕಪ್ಪೆ ಅರಭಟ್ಟ ಎಂಬ ವೀರನನ್ನು ಹೊಗಳುವ ಹಳೆಯ ಶಾಸನದ ಬಂಡೆಯ ಮುಂದೆ ‘ಸಾಧುಗೆ ಸಾಧು’ ಎಂಬ ತ್ರಿಪದಿಯನ್ನು ಎಲ್ಲರಿಂದ ಗಟ್ಟಿಯಾಗಿ ಓದಿಸಿ; ಆ ಖುಷಿಯೇ ಬೇರೆ. ಓರೆ ಬೆಳಕಿದ್ದರೆ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ, ನೇರ ಬೆಳಕಿಗೆ ಎಲ್ಲ ಸಪಾಟು.

ಅನುಮತಿಯಿಲ್ಲದೆ ಅಲ್ಲಿ ಪಡಿಯಚ್ಚು (ಕಲ್ಲಿನ ಅಕ್ಷರಗಳನ್ನು ಕಾಗದದ ಮೇಲೆ ಮಸಿಯಿಂದ ಮೂಡಿಸಿಕೊಂಡ ಪ್ರತಿ) ತೆಗೆಯುವ ಮಾತೇ ಬೇಡ. ಅಭ್ಯಾಸಕ್ಕೆ ಹೊಸದಾಗಿ ಕೊರೆಸಿದ ಕಲ್ಲು ಸಾಕು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಕಾಗದವನ್ನು ಅಕ್ಷರದ ಕುಳಿಗೆ ಇಳಿಸಬೇಕು. ನಡುವೆ ಗಾಳಿ ಉಳಿದರೆ ಅಕ್ಷರ ಮೂಡದು. ಹೆಚ್ಚಿನವರು ಎಡವುವುದು ಮಸಿಯಲ್ಲಿ: ಹಸಿ ಆರುವ ಮೊದಲೇ ಹಚ್ಚಿದರೆ ಮಸಿ ಹರಡಿ, ಕಾಗದ ದಾಟಿ ಕಲ್ಲಿಗೇ ಅಂಟುತ್ತದೆ. ಮುಕ್ಕಾಲು ಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ತೆಳ್ಳಗೆ ತಟ್ಟಿ.